ಕಿನುಯೆ ಹಿತೊಮಿ

ಕಿನುಯೆ ಹಿತೊಮಿ (1 ಜನವರಿ 1907 – 2 ಆಗಸ್ಟ್ 1931) ಜಪಾನಿನ ಅಥ್ಲೀಟ್ ಹಾಗೂ ಪತ್ರಕರ್ತೆ. ಒಲಿಂಪಿಕ್ ಪದಕ ಪಡೆದ ಜಪಾನಿನ ಮೊದಲ ಮಹಿಳೆ ಇವರು. ಆ ಪದಕ ದೊರೆತದ್ದು ಇವರು ಹಿಂದೆಂದೂ ಸ್ಪರ್ಧಿಸಿರದ 800 ಮೀಟರ್ ಓಟದಲ್ಲಿ.

ಆರಂಭಿಕ ಜೀವನ

ಹಿತೊಮಿ ಒಕಯಾಮಾ ಪ್ರಾಂತ್ಯದ ಕೃಷಿಕ ಕುಟುಂಬವೊಂದರಲ್ಲಿ ಜನಿಸಿದರು. ಬಾಲಕಿಯರ ಪ್ರೌಢಶಾಲೆಯಲ್ಲಿದ್ದಾಗ ಟೆನಿಸ್ ಆಡುತ್ತಿದ್ದರು. ಉದ್ದ ಜಿಗಿತದಲ್ಲಿಯೂ ಅವರ ಸಾಮರ್ಥ್ಯ ಬೆಳಕಿಗೆ ಬಂದಿತು. 1924ರಲ್ಲಿ ಟೋಕಿಯೊ ನಗರದಲ್ಲಿ ತೊಕುಯೊ ನಿಕೈದೊ ಸ್ಥಾಪಿಸಿದ್ದ ಮಹಿಳಾ ವ್ಯಾಯಾಮ ಶಾಲೆಯನ್ನು ಸೇರಿದರು. 1926ರಲ್ಲಿ ಒಸಾಕಾದ ಮೈನಿಚಿ ಪತ್ರಿಕೆಯಲ್ಲಿ ಉದ್ಯೋಗ ದೊರೆಯಿತು.

ಅಂತರರಾಷ್ಟ್ರೀಯ ಸ್ಪರ್ಧೆಗಳು

ಆ ಕಾಲದಲ್ಲಿ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್ ವಿಭಾಗದಲ್ಲಿ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಇದನ್ನು ಪ್ರತಿಭಟಿಸಿ ಫ್ರಾನ್ಸಿನ ಆಲಿಸ್ ಮಿಲ್ಲಿಯಾ ಮಹಿಳೆಯರಿಗಾಗಿಯೇ ಪ್ರತ್ಯೇಕ ವಿಶ್ವ ಕ್ರೀಡಾಕೂಟವನ್ನು ಏರ್ಪಡಿಸುತ್ತಿದ್ದರು. 1926ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದ ಎರಡನೆಯ ಕೂಟಕ್ಕೆ ಹತ್ತೊಂಬತ್ತರ ಹರೆಯದ ಹಿತೊಮಿ ಜಪಾನಿನ ಏಕೈಕ ಸ್ಪರ್ಧಿಯಾಗಿ ಸೈಬೀರಿಯಾ ಮಾರ್ಗದ ರೈಲಿನಲ್ಲಿ ತೆರಳಿದರು. ಉದ್ದ ಜಿಗಿತದಲ್ಲಿ 5.50 ಮೀಟರ್ ಜಿಗಿದು ಪ್ರಥಮ ಸ್ಥಾನ ಗಳಿಸಿದರು. ನಿಂತಲ್ಲಿಂದ ಜಿಗಿಯುವ ಸ್ಪರ್ಧೆಯನ್ನೂ ಗೆದ್ದರು. ಡಿಸ್ಕಸ್ ಎಸೆತದಲ್ಲಿ ದ್ವಿತೀಯ, 100 ಗಜ ಓಟದಲ್ಲಿ ತೃತೀಯರಾದರು. ಒಟ್ಟಾರೆ ಸಾಧನೆಗಾಗಿ ಅವರಿಗೆ ವಿಶೇಷ ಗೌರವ ಪುರಸ್ಕಾರ ಸಂದಿತು.

1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ ಅಥ್ಲೆಟಿಕ್ಸ್‌ನ ಬಾಗಿಲು ತೆರೆಯಿತು, ಅದೂ ಐದೇ ಸ್ಪರ್ಧೆಗಳಿಗೆ. ಹಿತೊಮಿಯವರ ನೆಚ್ಚಿನ ಉದ್ದ ಜಿಗಿತ ಅವುಗಳಲ್ಲಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಒಸಾಕಾದಲ್ಲಿ ಅವರು ಸ್ಥಾಪಿಸಿದ್ದ 5.98 ಮೀಟರ್‌ಗಳ ವಿಶ್ವದಾಖಲೆ 1939ರವರೆಗೆ ಅಳಿಯದೆ ಉಳಿಯಿತು ಎಂಬುದನ್ನು ಗಮನಿಸಿದರೆ ಈ ನಷ್ಟದ ಪ್ರಮಾಣ ತಿಳಿಯುತ್ತದೆ. ಭರವಸೆಯೆಲ್ಲ 100 ಮೀಟರ್ ಓಟದ ಮೇಲಿತ್ತು. ಆದರೆ ಅವರು ಉಪಾಂತ್ಯದಲ್ಲಿಯೇ ಹೊರಬಿದ್ದರು. ಬರಿಗೈಯಲ್ಲಿ ಮರಳಲಾರದೆ 800 ಮೀಟರ್ ಓಟಕ್ಕೆ ಇಳಿಯುವುದಾಗಿ ನಿರ್ಧರಿಸಿದರು. ಆಗಸ್ಟ್ 2ರಂದು ನಡೆದ ಅಂತಿಮ ಸುತ್ತಿನಲ್ಲಿ ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಗೆದ್ದರು. ಹಿತೊಮಿ 2 ನಿಮಿಷ 17.6 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಬೆಳ್ಳಿ ಪದಕ ಪಡೆದರು. ಅದೇ ದಿನ ಮಿಕಿಯೊ ಒದಾ ಟ್ರಿಪಲ್ ಜಂಪ್‌ನಲ್ಲಿ ಜಪಾನಿಗೆ ಮೊದಲ ಒಲಿಂಪಿಕ್ ಚಿನ್ನ ತಂದರು.

ಓಟದ ಕೊನೆಯಲ್ಲಿ ಸ್ಪರ್ಧಿಗಳು ಬಳಲಿ ಕುಸಿದರೆಂದು ಹಲವು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದವು. ವಾಸ್ತವದಲ್ಲಿ ಕಣಕ್ಕಿಳಿದ ಒಂಬತ್ತು ಮಂದಿಯೂ ಓಟ ಪೂರೈಸಿದ್ದರು. ಆದರೂ ಇಷ್ಟು ದೂರದ ಓಟ ಸ್ತ್ರೀಯರಿಗೆ ತಕ್ಕುದಲ್ಲವೆಂಬ ವಾದವೇ ಗೆದ್ದು, ಈ ಸ್ಪರ್ಧೆಯನ್ನು ಕೈಬಿಡಲಾಯಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಷ್ಟೇ ಅದು ಮರಳಿತು.

ಕೊನೆಯ ದಿನಗಳು

1930ರ ಪ್ರಾಗ್ ಮಹಿಳಾ ಕೂಟಕ್ಕೆ ಹಿತೊಮಿ ಒಬ್ಬರೇ ಹೋಗಲಿಲ್ಲ. ವಿದ್ಯಾರ್ಥಿನಿಯರಿಂದ ದೇಣಿಗೆ ಸಂಗ್ರಹಿಸಿ ಐವರು ಕಿರಿಯ ಆಟಗಾರ್ತಿಯರನ್ನು ಜೊತೆಗೆ ಕರೆದೊಯ್ದರು. ಉದ್ದ ಜಿಗಿತದಲ್ಲಿ ಮತ್ತೆ ಪ್ರಥಮರಾದರು. ಬಳಿಕ ಯುರೋಪಿನ ಬೇರೆ ನಗರಗಳಲ್ಲಿಯೂ ಸ್ಪರ್ಧಿಸಿದರು. ಸ್ವದೇಶಕ್ಕೆ ಮರಳಿದ ಮೇಲೂ ವಿಶ್ರಾಂತಿಯಿರಲಿಲ್ಲ: ಪತ್ರಿಕೆಯ ಕೆಲಸದ ಜೊತೆಗೆ, ದೇಣಿಗೆ ನೀಡಿದವರಿಗೆ ಕೃತಜ್ಞತೆ ಸಲ್ಲಿಸಲು ಊರೂರು ಸುತ್ತಿ ಉಪನ್ಯಾಸ ನೀಡಿದರು. 1931ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಆಸ್ಪತ್ರೆ ಸೇರಿದ ಅವರು ಆಗಸ್ಟ್ 2ರಂದು, ಆಮ್‌ಸ್ಟರ್‌ಡ್ಯಾಮ್‌ನ ಓಟಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಒಸಾಕಾದಲ್ಲಿ ನಿಧನರಾದರು. ಆಗ ಅವರಿಗೆ 24 ವರ್ಷ.

ಒಲಿಂಪಿಕ್ ಅಥ್ಲೆಟಿಕ್ಸ್‌ನಲ್ಲಿ ಜಪಾನಿನ ಮಹಿಳೆಯೊಬ್ಬರು ಮತ್ತೆ ಪದಕ ಗಳಿಸಿದ್ದು 64 ವರ್ಷಗಳ ನಂತರ, 1992ರ ಬಾರ್ಸಿಲೋನಾ ಮ್ಯಾರಥಾನ್‌ನಲ್ಲಿ. ಬೆಳ್ಳಿ ಗೆದ್ದ ಯೂಕೊ ಅರಿಮೊರಿ ಕೂಡ ಒಕಯಾಮಾದವರೇ.