ಗೊಲ್ಗೊಥಾದ ಕವಿ ಮಂಜೇಶ್ವರದ ಗೋವಿಂದ ಪೈ



ಶುಭ ಶುಕ್ರವಾರದ ರಜೆಯ ಹಿಂದಿನ ದಿನ ನಮ್ಮ ತರಗತಿಯಲ್ಲಿ ಓರ್ವ ಬಾಲಕನು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದನು. ಏಸುಕ್ರಿಸ್ತನು ದೇವರೇ ಆಗಿದ್ದಲ್ಲಿ, ಮೊಳೆ ಹೊಡೆದಾಗ ಆತನಿಗೆ ನೋವಾದುದು ಹೇಗೆ ಎಂಬುದೇ ಆ ಪ್ರಶ್ನೆ. ಆಗ ಗಂಟೆ ಬಾರಿಸಿತು. ಉತ್ತರ ಹೇಳುವುದರಿಂದ ನಾವು ಪಾರಾದೆವು. ಆದರೆ ಪ್ರಶ್ನೆಯು ನಮ್ಮ ಸಂಗಡ ಮನೆಯವರೆಗೂ ಬಂದಿತು. ಅದಕ್ಕೆ ಉತ್ತರವನ್ನು ಅರಸುತ್ತ ಹೊರಟ ನಮಗೆ ನೆನಪಾದವರು ಕನ್ನಡದ ಹಿರಿಯ ಕವಿ ಗೋವಿಂದ ಪೈಗಳು.

ಆ ಬಾಲಕನ ಪ್ರಶ್ನೆ ಬಹಳ ಹಳೆಯದು. ಕ್ರಿಸ್ತನ ದೇಹವು ಬರಿಯ ತೋರಿಕೆ, ಆತನಿಗೆ ನಿಜವಾದ ನೋವಿರಲಿಲ್ಲವೆಂದು ಹೇಳುವವರು ಮೊದಲ ಶತಮಾನಗಳಲ್ಲಿಯೇ ಇದ್ದರು. ಕ್ರೈಸ್ತ ಸಭೆಯು ಈ ಮಾತನ್ನು ಒಪ್ಪಲಿಲ್ಲ. ಕ್ರಿ.ಶ. 451ರಲ್ಲಿ ಇಂದಿನ ಇಸ್ತಾಂಬುಲ್ ನಗರಕ್ಕೆ ಸೇರಿರುವ ಕಾಲ್ಸೆಡಾನ್ ಎಂಬಲ್ಲಿ ನೆರೆದ ಧರ್ಮಾಧ್ಯಕ್ಷರು, ಕ್ರಿಸ್ತನು ಪೂರ್ಣವಾಗಿ ದೇವರು, ಪೂರ್ಣವಾಗಿ ಮನುಷ್ಯನು ಎಂದು ನಿರ್ಣಯಿಸಿದರು. ಸುವಾರ್ತೆಗಳ ಏಸು ತಾಯಿಯ ಗರ್ಭದಲ್ಲಿ ಹುಟ್ಟಿ, ಬಡಗಿಯ ಮನೆಯಲ್ಲಿ ಬೆಳೆದವನು. ಆತನಿಗೆ ಹಸಿವಾಯಿತು, ದಾರಿ ನಡೆದು ದಣಿವಾಯಿತು. ಗೆಳೆಯ ಲಾಜರನ ಸಮಾಧಿಯ ಬಳಿ ಆತನು ಅತ್ತನು. ಶಿಲುಬೆಯ ಮೇಲೆ ಬಾಯಾರಿದನು. ನಮ್ಮಂತೆಯೇ ನೊಂದವನಾದ್ದರಿಂದಲೇ ಆತನು ನಮ್ಮ ನೋವನ್ನು ಬಲ್ಲನೆಂಬುದು ಆ ಧರ್ಮದವರ ನಂಬಿಕೆ.

ಈ ನಂಬಿಕೆಯ ಮಡಿಲಲ್ಲಿ ಹುಟ್ಟದಿದ್ದರೂ, ನೋವುಂಡ ಆ ಮನುಷ್ಯನ ಮುಂದೆ ತಲೆಬಾಗಿದವರು ಪೈಗಳು. ಅವರು 1883ನೆಯ ಇಸವಿ ಮಾರ್ಚ್ 23ರಂದು ಜನಿಸಿದರು. ಗೌಡ ಸಾರಸ್ವತ ಮನೆತನ. ಮನೆಮಾತು ಕೊಂಕಣಿ, ಸುತ್ತಲಿನ ಜನರ ಮಾತು ತುಳು. ಆದರೂ ಅವರು ತಮ್ಮ ಕಾವ್ಯಕ್ಕೆ ಆರಿಸಿಕೊಂಡುದು ಕನ್ನಡವನ್ನು. ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರಂತಹ ಗುರುಗಳು ಅವರಿಗೆ ದೊರೆತರು. ಬಿ.ಎ. ತರಗತಿಗೆ ಮದರಾಸಿಗೆ ಹೋದರು. ಪರೀಕ್ಷೆಯ ಹೊತ್ತಿಗೆ ತಂದೆಯವರಿಗಾಗಿ ಊರಿಗೆ ಮರಳಬೇಕಾಗಿ ಬಂದುದರಿಂದ ಪದವಿಯು ಕೈಗೆ ಬರಲಿಲ್ಲ. ಆದರೆ ಕಲಿಕೆಯು ನಿಲ್ಲಲಿಲ್ಲ. ಮಂಜೇಶ್ವರದ ಮನೆಯಲ್ಲಿ ಗ್ರಂಥರಾಶಿಯ ನಡುವೆ ಕುಳಿತು ಅವರು ಹಲವು ಭಾಷೆಗಳನ್ನು ಕಲಿತರು, ತುಳುನಾಡಿನ ಇತಿಹಾಸವನ್ನು ಶೋಧಿಸಿದರು. ಪದವಿಯಿಲ್ಲದವನು ಪಂಡಿತನಾಗಲಾರನೆಂಬ ಮಾತಿಗೆ ಅವರ ಜೀವನವೇ ಉತ್ತರ.

ಕನ್ನಡ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿಯೂ ಒಂದೇ ವ್ಯಂಜನವಿರಬೇಕೆಂಬ ಪ್ರಾಸದ ಕಟ್ಟಳೆ ನೂರಾರು ವರ್ಷಗಳಿಂದ ನಡೆದುಬಂದಿದ್ದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೈಗಳು ಅದನ್ನು ಕೈಬಿಟ್ಟರು. ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಡುವುದು ಅವರಿಗೆ ಸರಿಕಾಣಲಿಲ್ಲ. ಟೀಕೆಗಳು ಬಂದರೂ ಅವರು ಹಿಂಜರಿಯಲಿಲ್ಲ. 1930ರಲ್ಲಿ ‘ಗಿಳಿವಿಂಡು’ ಎಂಬ ಅವರ ಕವನ ಸಂಗ್ರಹವು ಹೊರಬಂದಿತು.

ಅದೇ ದಶಕದಲ್ಲಿ ಅವರು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ಗೊಲ್ಗೊಥಾ ಎಂದರೆ ಏಸುವನ್ನು ಶಿಲುಬೆಗೇರಿಸಿದ ಸ್ಥಳ. ಹೆಸರಿನ ಅರ್ಥ ತಲೆಬುರುಡೆ. ಏಸುವಿನ ಪವಾಡಗಳನ್ನು ಹಾಡುವ ಬದಲು ಕವಿಯು ಆತನ ಕಡೆಯ ದಿನವನ್ನೇ ಆರಿಸಿಕೊಂಡರು. ಮುಂದೆ ‘ವೈಶಾಖಿ’ಯಲ್ಲಿ ಬುದ್ಧದೇವನ ಕಡೆಯ ದಿನವನ್ನು ಹಾಡಿದರು. ಬುದ್ಧನೂ ಮುಪ್ಪಿನಲ್ಲಿ ರೋಗದಿಂದ ಬಳಲಿ, ಕುಶಿನಗರದ ಸಾಲವೃಕ್ಷಗಳ ನಡುವೆ ಮಲಗಿ ದೇಹಬಿಟ್ಟವನು. ಮಹಾತ್ಮರ ಮಹಿಮೆಯನ್ನು ಪೈಗಳು ಕಂಡುದು, ಎಲ್ಲರಿಗೂ ಬರುವ ಮರಣವನ್ನು ಅವರು ಎದುರಿಸಿದ ಬಗೆಯಲ್ಲಿ ಎಂದು ನಮಗೆ ತೋರುತ್ತದೆ. ನೋವಾಗದವನು ಕ್ಷಮಿಸಿದರೆ ಅದರಲ್ಲಿ ಹೆಚ್ಚುಗಾರಿಕೆ ಏನು? ನೊಂದು, ಆ ನೋವಿನಲ್ಲಿಯೇ ಕ್ಷಮಿಸಿದುದು ದೊಡ್ಡದು. ನಮ್ಮ ಬಾಲಕನ ಪ್ರಶ್ನೆಗೆ ನಮಗೆ ದೊರೆತ ಉತ್ತರವು ಇದು.

1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅನಂತರ ಬಂದುದು 1956ನೆಯ ನವೆಂಬರ್ 1. ಅಂದು ಕನ್ನಡನಾಡು ಒಂದಾಯಿತು; ಆದರೆ ಕಾಸರಗೋಡು, ಅದರೊಡನೆ ಮಂಜೇಶ್ವರವೂ, ಕೇರಳದ ಪಾಲಾಯಿತು. ಪೈಗಳ ಮನಸ್ಸಿಗೆ ಇದು ಆರದ ನೋವಾಯಿತು. ಅದೇ ದಿನ ಹೈದರಾಬಾದು ಸಂಸ್ಥಾನವೂ ಒಡೆಯಿತು. ಬೀದರ, ಕಲಬುರಗಿ, ರಾಯಚೂರುಗಳು ಕನ್ನಡನಾಡನ್ನು ಸೇರಿದವು. ಈ ನಗರವು ಆಂಧ್ರಪ್ರದೇಶಕ್ಕೆ ಸೇರಿ, 2014ರಿಂದ ತೆಲಂಗಾಣದ ರಾಜಧಾನಿಯಾಗಿದೆ. ಪೈಗಳ ಊರೂ ನಮ್ಮ ಸನತ್‌ನಗರವೂ ಒಂದೇ ದಿನ ಗಡಿಯಾಚೆ ಉಳಿದ ಊರುಗಳು!

ಗಡಿಯು ಬದಲಾದರೂ ಪೈಗಳು ಕನ್ನಡದಲ್ಲಿ ಬರೆಯುವುದನ್ನು ಬಿಡಲಿಲ್ಲ. 1963ನೆಯ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಅವರ ಹೆಸರಿನ ಸಂಶೋಧನ ಕೇಂದ್ರವು ಉಡುಪಿಯಲ್ಲಿಯೂ ಕಾಲೇಜು ಮಂಜೇಶ್ವರದಲ್ಲಿಯೂ ಇವೆ.

ನಾವೂ ಬೀದರ ಸೀಮೆಯಿಂದ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದವರು. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು. ಕನ್ನಡ ಕಲಿತು ಆಗುವುದೇನೆಂದು ತಂದೆತಾಯಿಗಳು ಕೇಳಿದಾಗ ನಮ್ಮ ಮನಸ್ಸೂ ಅಳುಕುವುದುಂಟು. ಆಗ ನಾವು ಮಂಜೇಶ್ವರದ ಆ ಮನೆಯನ್ನು ನೆನೆಯುತ್ತೇವೆ. ಕೊಂಕಣಿಯ ಮನೆಯಲ್ಲಿ, ತುಳುವರ ನಡುವೆ, ಇಂದು ಕೇರಳಕ್ಕೆ ಸೇರಿದ ನೆಲದಲ್ಲಿ ಕುಳಿತ ಒಬ್ಬರು ಪರಧರ್ಮದ ಮಹಾಪುರುಷನ ಕಣ್ಣೀರನ್ನು ಕನ್ನಡದ ಕಣ್ಣೀರಾಗಿಸಿದರು. ಪರರ ನೋವನ್ನು ಅರಿಯುವ ಆ ಗುಣವು ನಿಮ್ಮಲ್ಲಿಯೂ ಬೆಳೆಯಲಿ. ಮುಂದಿನ ಶುಭ ಶುಕ್ರವಾರದಂದು ನೆರೆಯ ಕ್ರೈಸ್ತ ಗೆಳೆಯನನ್ನು ಕಂಡಾಗ, ಆತನ ದೇವರೂ ನಮ್ಮಂತೆ ಬಾಯಾರಿದವನೆಂದು ನೆನೆಯಿರಿ.