ಯಲ್ಲಾಪ್ರಗಡ ಸುಬ್ಬರಾವ್: ಉಲ್ಲೇಖಗಳ ಲೆಕ್ಕಕ್ಕೆ ಸಿಗದ ವಿಜ್ಞಾನಿ

ವಿಜ್ಞಾನಿಯ ಹಿರಿಮೆಯನ್ನು ಆತ ಪ್ರಕಟಿಸಿದ ಪ್ರಬಂಧಗಳ ಸಂಖ್ಯೆಯಿಂದಲೂ, ಅವನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂಬ ಲೆಕ್ಕದಿಂದಲೂ ಅಳೆಯುವುದು ಇಂದಿನ ರೂಢಿ. ನೇಮಕ, ಬಡ್ತಿ, ಅನುದಾನ ಎಲ್ಲಕ್ಕೂ ಇದೇ ಮಾನದಂಡ. ಈ ಮಾನದಂಡ ಎಲ್ಲಿ ಸಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬೆರಡಕ್ಕೂ ಒಂದೇ ಬದುಕಿನಲ್ಲಿ ನಿದರ್ಶನ ದೊರೆಯುವುದು ಅಪರೂಪ. ಯಲ್ಲಾಪ್ರಗಡ ಸುಬ್ಬರಾವ್ ಅವರದು ಅಂತಹ ಬದುಕು.

ಅಂದಿನ ಮದ್ರಾಸ್ ಪ್ರಾಂತ್ಯದ ಭೀಮವರಂನಲ್ಲಿ 1895ರ ಜನವರಿ 12ರಂದು ಜನಿಸಿದ ಸುಬ್ಬರಾವ್ ಮೆಟ್ರಿಕ್ಯುಲೇಷನ್‌ನಲ್ಲಿ ಉತ್ತೀರ್ಣರಾದದ್ದು ಮೂರನೆಯ ಪ್ರಯತ್ನದಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಅದು ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಪದವಿಯ ಬದಲು ಎಲ್.ಎಂ.ಎಸ್. ಪ್ರಮಾಣಪತ್ರಕ್ಕೆ ತೃಪ್ತರಾಗಬೇಕಾಯಿತು. ಅಣ್ಣ ಪುರುಷೋತ್ತಮ ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಬಲಿಯಾದದ್ದು ಅವರ ಮನಸ್ಸನ್ನು ಸಂಶೋಧನೆಯತ್ತ ತಿರುಗಿಸಿತು. ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಕೆಲಕಾಲ ಬೋಧಿಸಿ, 1922ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್ ತಲುಪಿದರು. ಹಾರ್ವರ್ಡ್‌ನಲ್ಲಿ ಓದುತ್ತಲೇ ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೆಲಸ ಮಾಡಿದರು.

ಅಲ್ಲಿ ಸೈರಸ್ ಫಿಸ್ಕ್ ಅವರೊಡನೆ 1925ರಲ್ಲಿ ಪ್ರಕಟಿಸಿದ ಪ್ರಬಂಧವು ರಕ್ತ, ಮೂತ್ರಗಳಲ್ಲಿರುವ ರಂಜಕದ ಪ್ರಮಾಣವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ಸರಳ ವಿಧಾನವನ್ನು ವಿವರಿಸಿತು. ವಿಧಾನ ಬಳಸಿದ ಪ್ರತಿಯೊಬ್ಬರೂ ಅದನ್ನು ಉಲ್ಲೇಖಿಸಬೇಕಾಗಿತ್ತು. ಹೀಗಾಗಿ, 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಆರಂಭಿಸಿದ ಸೈನ್ಸ್ ಸೈಟೇಷನ್ ಇಂಡೆಕ್ಸ್‌ನ ಆಧಾರದಲ್ಲಿ ಅತಿ ಹೆಚ್ಚು ಉಲ್ಲೇಖಿತ ಪ್ರಬಂಧಗಳ ಪಟ್ಟಿ ಸಿದ್ಧವಾದಾಗ, ಸುಬ್ಬರಾವ್ ತೀರಿಕೊಂಡು ದಶಕಗಳೇ ಕಳೆದಿದ್ದರೂ, ಆ ಪ್ರಬಂಧ ಅದರಲ್ಲಿ ಸ್ಥಾನ ಪಡೆಯಿತು.

ಇದೇ ವಿಧಾನ ಇಬ್ಬರನ್ನೂ 1927ರಲ್ಲಿ ಸ್ನಾಯುಗಳ ಫಾಸ್ಫೋಕ್ರಿಯಾಟಿನ್ ಪತ್ತೆಗೆ ಕೊಂಡೊಯ್ದಿತು. ಜೀವಕೋಶದ ಶಕ್ತಿವಾಹಕವಾದ ಎಟಿಪಿಯನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್ ಒಂದೆಡೆ, ಇವರಿಬ್ಬರು ಇನ್ನೊಂದೆಡೆ ಗುರುತಿಸಿದರು. ಆದರೂ ಹಾರ್ವರ್ಡ್‌ನಲ್ಲಿ ಸುಬ್ಬರಾವ್ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಅವರು ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡ್‌ಗಳು ಫಿಸ್ಕ್ ಅವರ ಅಸೂಯೆಯಿಂದ ಪ್ರಕಟವಾಗದೆ, ಇತರರು ಅವನ್ನು ಮತ್ತೆ ಕಂಡುಹಿಡಿಯಬೇಕಾಯಿತೆಂದು, ಅದೇ ವಿಭಾಗದಲ್ಲಿ ಓದಿ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಮುಂದೆ ಹೇಳಿದರು.

1940ರಲ್ಲಿ ಸುಬ್ಬರಾವ್ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿ, ಬಳಿಕ ಅದರ ಸಂಶೋಧನಾ ನಿರ್ದೇಶಕರಾದರು. ಫೋಲಿಕ್ ಆಮ್ಲದ ರಚನೆಯನ್ನೂ ಸಂಶ್ಲೇಷಣೆಯನ್ನೂ ವಿವರಿಸಿದ 1946ರ ಪ್ರಬಂಧದಲ್ಲಿ ಹದಿನಾರು ಲೇಖಕರ ನಡುವೆ ಅವರೂ ಒಬ್ಬರು. ಅಣ್ಣನನ್ನು ಬಲಿತೆಗೆದುಕೊಂಡಿದ್ದ ಸ್ಪ್ರೂ ರೋಗಕ್ಕೆ ಆ ಆಮ್ಲವೇ ಔಷಧವಾಯಿತು. ಆನೆಕಾಲು ರೋಗಕ್ಕೆ ಇಂದಿಗೂ ಬಳಕೆಯಲ್ಲಿರುವ ಡಿಇಸಿ ಮಾತ್ರೆಯೂ ಅವರ ನಿರ್ದೇಶನದ ಪ್ರಯೋಗಾಲಯದ ಕೊಡುಗೆ.

ಬಾಸ್ಟನ್ನಿನ ಮಕ್ಕಳ ರೋಗಶಾಸ್ತ್ರಜ್ಞ ಸಿಡ್ನಿ ಫಾರ್ಬರ್, ಫೋಲಿಕ್ ಆಮ್ಲದ ಸಂಬಂಧಿ ವಸ್ತುಗಳನ್ನು ನೀಡಿದರೆ ರಕ್ತ ಕ್ಯಾನ್ಸರ್ ಉಲ್ಬಣಿಸುವುದನ್ನು ಗಮನಿಸಿದರು. ಹಾಗಾದರೆ ಆ ಆಮ್ಲವನ್ನು ಪ್ರತಿರೋಧಿಸುವ ವಸ್ತು ರೋಗವನ್ನು ತಡೆಯಬೇಕಲ್ಲವೆ? ಲೆಡರ್ಲೆಯ ರಸಾಯನಶಾಸ್ತ್ರಜ್ಞರು ಅಮಿನೊಪ್ಟೆರಿನ್ ಸಿದ್ಧಪಡಿಸಿದರು. 1948ರ ಜೂನ್‌ನಲ್ಲಿ ಪ್ರಕಟವಾದ ಫಾರ್ಬರ್ ಅವರ ಪ್ರಬಂಧದ ಪ್ರಕಾರ, ಹದಿನಾರು ಮಕ್ಕಳ ಪೈಕಿ ಹತ್ತು ಮಕ್ಕಳಲ್ಲಿ ಸುಧಾರಣೆ ಕಂಡುಬಂತು. ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಆದರೂ ರಾಸಾಯನಿಕದಿಂದ ರಕ್ತ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದೆಂಬುದು ಸಾಬೀತಾಯಿತು.

ಅಮಿನೊಪ್ಟೆರಿನ್ ತಯಾರಿಕೆಯನ್ನು ತಿಳಿಸಿದ 1947ರ ಪ್ರಬಂಧದಲ್ಲಿ ಮೂವರು ಲೇಖಕರಿದ್ದರು, ಫಾರ್ಬರ್ ಅವರ ಪ್ರಬಂಧದಲ್ಲಿ ಐವರು. ಎರಡರಲ್ಲೂ ಸುಬ್ಬರಾವ್ ಇರಲಿಲ್ಲ. ಲೇಖಕರು ಮಾಡಿದ ಕೆಲಸ ಅವರದೇ, ಅದರಲ್ಲಿ ಮೋಸವಿಲ್ಲ. ಆದರೆ ಯಾವ ವಸ್ತುವನ್ನು ಅರಸಬೇಕು, ಯಾರನ್ನು ಯಾವ ಕೆಲಸಕ್ಕೆ ನಿಯೋಜಿಸಬೇಕು, ಯಾವ ವೈದ್ಯರಿಗೆ ಔಷಧ ಒದಗಿಸಬೇಕು ಎಂದು ನಿರ್ಧರಿಸಿದ ನಿರ್ದೇಶಕನ ಪಾಲನ್ನು ಲೇಖಕರ ಪಟ್ಟಿ ದಾಖಲಿಸುವುದಿಲ್ಲ. 1925ರಲ್ಲಿ ಇಬ್ಬರಲ್ಲಿ ಒಬ್ಬರು, 1946ರಲ್ಲಿ ಹದಿನಾರರಲ್ಲಿ ಒಬ್ಬರು, ಬಳಿಕ ಈ ಎರಡು ಪ್ರಬಂಧಗಳಲ್ಲಿ ಹೆಸರೇ ಇಲ್ಲ. ಕಾರ್ಯದ ವ್ಯಾಪ್ತಿ ಹಿಗ್ಗಿದಂತೆ ದಾಖಲೆಯಲ್ಲಿ ಹೆಸರು ಕುಗ್ಗುತ್ತ ಹೋಯಿತು.

ಫಾರ್ಬರ್ ಅವರ ಪ್ರಬಂಧ ಹೊರಬಂದ ಎರಡು ತಿಂಗಳಲ್ಲೇ, 1948ರ ಆಗಸ್ಟ್‌ನಲ್ಲಿ, ಸುಬ್ಬರಾವ್ ಪರ್ಲ್ ರಿವರ್‌ನಲ್ಲಿ ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ಐವತ್ಮೂರು ವರ್ಷ. 1922ರಲ್ಲಿ ಬಿಟ್ಟುಬಂದ ತಾಯ್ನಾಡಿಗೆ ಅವರು ಮರಳಲೇ ಇಲ್ಲ. ಭಾರತ ಸರ್ಕಾರ 1995ರಲ್ಲಿ, ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು.

ಅಮಿನೊಪ್ಟೆರಿನ್‌ನ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ಇಂದು ಮಕ್ಕಳ ರಕ್ತ ಕ್ಯಾನ್ಸರಿನಿಂದ ಸಂಧಿವಾತದವರೆಗೆ ಬಳಕೆಯಲ್ಲಿದ್ದು, ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ. ರಂಜಕ ಅಳೆದ ವಿಧಾನಕ್ಕೆ ಸಾವಿರಾರು ಉಲ್ಲೇಖಗಳು ಸಂದವು. ಮಕ್ಕಳ ಜೀವ ಉಳಿಸುವ ಔಷಧದ ಹಾದಿ ತೆರೆದ ಆ ಎರಡು ಪ್ರಬಂಧಗಳಲ್ಲಿ ಅವರ ಹೆಸರೇ ಇಲ್ಲ. ಉಲ್ಲೇಖಗಳ ಪಟ್ಟಿ ಹಿಡಿದು ಯೋಗ್ಯತೆಯನ್ನು ನಿರ್ಣಯಿಸಲು ಕೂರುವ ಸಮಿತಿಗಳು ಸುಬ್ಬರಾವ್ ಅವರ ಬದುಕನ್ನು ಒಮ್ಮೆ ನೆನೆಯುವುದು ಒಳಿತು.