ಮೂರು ಬಾರಿ ಅಮೆರಿಕದ ಪ್ರಜೆಯಾದ ಭಗತ್ ಸಿಂಗ್ ಥಿಂಡ್

ಭಗತ್ ಸಿಂಗ್ ಎಂದೊಡನೆ ನೆನಪಾಗುವುದು 1931ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದ ಹುತಾತ್ಮನ ಮುಖ. ಅದೇ ಪಂಜಾಬಿನ ನೆಲದಲ್ಲಿ, ಆತನಿಗಿಂತ 15 ವರ್ಷ ಮೊದಲು ಜನಿಸಿದ ಇನ್ನೊಬ್ಬ ಭಗತ್ ಸಿಂಗ್ ಕೂಡ ಚರಿತ್ರೆಯಲ್ಲಿ ಹೆಸರು ಉಳಿಸಿದ್ದಾರೆ. ಅವರು ಹೋರಾಡಿದ್ದು ದೂರದ ಅಮೆರಿಕದ ನ್ಯಾಯಾಲಯಗಳಲ್ಲಿ. ಕೇಳಿದ್ದು ತಾನು ದುಡಿಯುತ್ತಿರುವ, ಯಾರ ಸೈನ್ಯದ ಸಮವಸ್ತ್ರ ತೊಟ್ಟಿದ್ದರೋ ಆ ದೇಶದ ಪೌರತ್ವವನ್ನು. ಅದು ಅವರಿಗೆ ಮೂರು ಬಾರಿ ದೊರೆಯಿತು, ಎರಡು ಬಾರಿ ಕೈತಪ್ಪಿತು. ಅಮೆರಿಕದ ವಲಸೆ ಕಾನೂನಿನ ಚರಿತ್ರೆ ಬರೆಯುವವರು ಭಗತ್ ಸಿಂಗ್ ಥಿಂಡ್ ಅವರ ಹೆಸರನ್ನು ದಾಟಿ ಹೋಗುವಂತಿಲ್ಲ.

ಅಮೃತಸರದಿಂದ ಸಿಯಾಟಲ್‌ಗೆ

ಥಿಂಡ್ ಅವರು 1892ರ ಅಕ್ಟೋಬರ್ 3ರಂದು ಅಮೃತಸರ ಜಿಲ್ಲೆಯ ತಾರಾಗಢ ತಲಾವಾ ಗ್ರಾಮದ ಸಿಖ್ ಕುಟುಂಬವೊಂದರಲ್ಲಿ ಜನಿಸಿದರು. ಅಮೃತಸರದ ಖಾಲ್ಸಾ ಕಾಲೇಜಿನಲ್ಲಿ ಓದುತ್ತಿದ್ದಾಗ ಎಮರ್ಸನ್, ಥೋರೋ ಮೊದಲಾದ ಅಮೆರಿಕದ ಚಿಂತಕರ ಬರಹಗಳು ಅವರನ್ನು ಸೆಳೆದವು. ಆ ನಾಡನ್ನು ಕಾಣಬೇಕೆಂಬ ಹಂಬಲದಿಂದ ಹೊರಟ ಯುವಕ ಸಿಯಾಟಲ್ ಬಂದರಿನಲ್ಲಿ ಇಳಿದದ್ದು 1913ರ ಜುಲೈ 4ರಂದು. ಅಂದು ಅಮೆರಿಕದ ಸ್ವಾತಂತ್ರ್ಯ ದಿನವಾಗಿತ್ತು.

ಆ ಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಭಾರತೀಯರ ಸಂಖ್ಯೆ ಕೆಲವೇ ಸಾವಿರ. ಬಹುಪಾಲು ಪಂಜಾಬಿನ ರೈತ ಮಕ್ಕಳು. ಮರದ ಮಿಲ್ಲು, ರೈಲು ಹಳಿ, ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಇವರನ್ನು ಸಿಖ್ಖರಿರಲಿ, ಮುಸ್ಲಿಮರಿರಲಿ, ಅಲ್ಲಿನವರು ಹಿಂದೂಗಳೆಂದೇ ಕರೆಯುತ್ತಿದ್ದರು. ಇವರಿಂದ ತಮ್ಮ ಕೂಲಿ ಇಳಿಯುತ್ತದೆ ಎಂಬ ಸಿಟ್ಟು ಬಿಳಿಯ ಕಾರ್ಮಿಕರಲ್ಲಿತ್ತು. 1907ರ ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್ ಪಟ್ಟಣದಲ್ಲಿ ಗುಂಪೊಂದು ಮಿಲ್ಲುಗಳಿಗೆ ನುಗ್ಗಿ ಭಾರತೀಯರನ್ನು ಊರಿನಿಂದಲೇ ಓಡಿಸಿತ್ತು. ಥಿಂಡ್ ಅವರೂ ಒರೆಗಾನ್ ರಾಜ್ಯದ ಮರದ ಮಿಲ್ಲುಗಳಲ್ಲಿ ಕೂಲಿ ಮಾಡಿ, ಆ ಹಣದಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಿದರು. ಭಾರತದ ಬಿಡುಗಡೆಗಾಗಿ ಅದೇ ಕರಾವಳಿಯಲ್ಲಿ ಹುಟ್ಟಿದ ಗದರ್ ಪಕ್ಷದವರ ಒಡನಾಟವೂ ಅವರಿಗಿತ್ತು. ಮುಂದೆ ಇದೇ ಒಡನಾಟವನ್ನು ಅಧಿಕಾರಿಗಳು ಅವರ ವಿರುದ್ಧ ಬಳಸಿಕೊಂಡರು.

1917ರಲ್ಲಿ ಅಮೆರಿಕವು ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಗುರುತಿಸಿ ಭಾರತೀಯ ಕೂಲಿಕಾರರಿಗೆ ಬಾಗಿಲು ಮುಚ್ಚಿತು. ಅದಾಗಲೇ ಒಳಗಿದ್ದವರಿಗೆ ನೆಲೆ ಗಟ್ಟಿ ಮಾಡಿಕೊಳ್ಳಲು ಉಳಿದಿದ್ದ ದಾರಿ ಪೌರತ್ವವೊಂದೇ.

ಸಮವಸ್ತ್ರದಲ್ಲೇ ಪ್ರಮಾಣ

ಮೊದಲ ಮಹಾಯುದ್ಧ ಕೊನೆಯ ಹಂತದಲ್ಲಿದ್ದಾಗ, 1918ರ ಜುಲೈ 22ರಂದು ಥಿಂಡ್ ಅಮೆರಿಕದ ಸೇನೆ ಸೇರಿದರು. ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್ ಶಿಬಿರದಲ್ಲಿ ಸಿಖ್ ಪೇಟ ಧರಿಸಿಯೇ ತರಬೇತಿ ಪಡೆದರು. ನವೆಂಬರ್ 8ರಂದು ಹಂಗಾಮಿ ಸಾರ್ಜೆಂಟ್ ಆಗಿ ಬಡ್ತಿ ದೊರೆಯಿತು. ಮೂರೇ ದಿನಗಳಲ್ಲಿ ಯುದ್ಧ ಮುಗಿಯಿತು.

ಸೇನೆಯಲ್ಲಿರುವ ವಿದೇಶಿಯರಿಗೆ ಬೇಗನೆ ಪೌರತ್ವ ನೀಡಲು ಅದೇ ವರ್ಷದ ಮೇ ತಿಂಗಳಲ್ಲಿ ಕಾನೂನೊಂದು ಬಂದಿತ್ತು. ಡಿಸೆಂಬರ್ 9ರಂದು ಥಿಂಡ್ ಸಮವಸ್ತ್ರದಲ್ಲೇ ಪೌರತ್ವ ಸ್ವೀಕರಿಸಿದರು. ಆದರೆ ಆ ಸಂತೋಷ ಉಳಿದದ್ದು ನಾಲ್ಕು ದಿನ ಮಾತ್ರ. ಅರ್ಜಿದಾರ ಬಿಳಿಯನಲ್ಲ ಎಂಬ ಕಾರಣ ನೀಡಿ ಅದನ್ನು ರದ್ದುಪಡಿಸಲಾಯಿತು. ಇನ್ನು ಮೂರು ದಿನ ಕಳೆದು ಅವರು ಸೇನೆಯಿಂದ ಗೌರವದೊಂದಿಗೆ ಬಿಡುಗಡೆಯಾದಾಗ ದಾಖಲೆಯಲ್ಲಿ ಅವರ ನಡತೆ ಅತ್ಯುತ್ತಮ ಎಂದೇ ನಮೂದಾಗಿತ್ತು.

ಒಂದು ಪದದ ಸುತ್ತ

ತೊಡಕಿನ ಮೂಲ 1790ರ ಕಾನೂನಿನಲ್ಲಿತ್ತು. ಹೊರಗಿನಿಂದ ಬಂದವರಲ್ಲಿ ಸ್ವತಂತ್ರ ಬಿಳಿಯರು ಮಾತ್ರ ಪೌರತ್ವ ಪಡೆಯಬಹುದೆಂದು ಅದು ಹೇಳಿತ್ತು. ಗುಲಾಮಗಿರಿ ಅಳಿದ ಬಳಿಕ, 1870ರಲ್ಲಿ, ಆಫ್ರಿಕಾ ಮೂಲದವರಿಗೂ ಅವಕಾಶವಾಯಿತು. ನಡುವೆ ಉಳಿದ ಏಷ್ಯಾದವರ ಗತಿ ಏನೆಂಬುದು ಆಯಾ ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯವಾಯಿತು. ನಮ್ಮ ಮುಂಬಯಿ ಮೂಲದ ಪಾರ್ಸಿ ವರ್ತಕ ಭಿಕಾಜಿ ಬಲ್ಸಾರಾ ಅವರ ಪೌರತ್ವವನ್ನು 1910ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿದಿತ್ತು. 1913ರಲ್ಲಿ ಬಂಗಾಳದ ಎ.ಕೆ. ಮಜುಮ್ದಾರ್ ಅವರಿಗೂ ವಾಷಿಂಗ್ಟನ್ ರಾಜ್ಯದಲ್ಲಿ ಪೌರತ್ವ ಸಿಕ್ಕಿತ್ತು.

ಹೀಗಾಗಿ ಥಿಂಡ್ ಎದೆಗುಂದಲಿಲ್ಲ. 1919ರಲ್ಲಿ ನೆರೆಯ ಒರೆಗಾನ್ ರಾಜ್ಯದಲ್ಲಿ ಮತ್ತೆ ಅರ್ಜಿ ಹಾಕಿದರು. ಗದರ್ ನಂಟಿನ ಆರೋಪವನ್ನು ಅಧಿಕಾರಿಗಳು ಮುಂದಿಟ್ಟಾಗ, ಭಾರತ ಸ್ವತಂತ್ರವಾಗಬೇಕೆಂಬುದು ತನ್ನ ಬಯಕೆ, ಆದರೆ ಸಶಸ್ತ್ರ ಕ್ರಾಂತಿಯ ಪರವಾಗಿಲ್ಲ ಎಂದು ತಿಳಿಸಿದರು. ನ್ಯಾಯಾಧೀಶ ಚಾರ್ಲ್ಸ್ ವುಲ್ವರ್ಟನ್ ಅದನ್ನು ಒಪ್ಪಿದರು. 1920ರ ನವೆಂಬರ್ 18ರಂದು ಥಿಂಡ್ ಎರಡನೆಯ ಬಾರಿ ಅಮೆರಿಕದ ಪ್ರಜೆಯಾದರು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಅಲ್ಲಿ ಆಗಷ್ಟೇ ಒಂದು ತೀರ್ಪು ಬಂದಿತ್ತು. 20 ವರ್ಷ ಅಮೆರಿಕದಲ್ಲಿ ಬಾಳಿದ್ದ ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು 1922ರ ನವೆಂಬರಿನಲ್ಲಿ ತಳ್ಳಿಹಾಕಿದ ನ್ಯಾಯಾಲಯ, ಬಿಳಿಯ ಎಂದರೆ ಕಕೇಶಿಯನ್ ಜನಾಂಗದವನು ಎಂದು ವ್ಯಾಖ್ಯಾನಿಸಿತ್ತು. ಥಿಂಡ್ ಪರ ವಕೀಲರಿಗೆ ಇದು ಆಸರೆಯಾಗಿ ಕಂಡಿತು. ಅಂದಿನ ಮಾನವಶಾಸ್ತ್ರಜ್ಞರು ಉತ್ತರ ಭಾರತದವರನ್ನು ಕಕೇಶಿಯನ್ ಗುಂಪಿಗೇ ಸೇರಿಸಿದ್ದರು. ಥಿಂಡ್ ಆರ್ಯ ಮೂಲದ ಮೇಲ್ಜಾತಿಯವರು, ಜಾತಿ ಕಟ್ಟುಪಾಡಿನಿಂದಾಗಿ ಆ ರಕ್ತ ಬೆರಕೆಯಾಗಿಲ್ಲ ಎಂದೂ ವಾದಿಸಲಾಯಿತು. ವಾದದ ಈ ಭಾಗವನ್ನು ಇಂದು ಓದಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಬಣ್ಣದ ಗೋಡೆ ತಪ್ಪೆಂದು ಅದು ಹೇಳಲಿಲ್ಲ. ಗೋಡೆಯ ಒಳಗೆ ತಮಗೂ ಜಾಗವಿದೆಯೆಂದು ಹೇಳಿತು. ಅದಕ್ಕೆ ಆಧಾರವಾಗಿ ಊರಿನ ಜಾತಿ ಗೋಡೆಯನ್ನೇ ತೋರಿಸಿತು. ಕಾನೂನು ತೆರೆದಿಟ್ಟಿದ್ದ ಬಾಗಿಲೂ ಅದೊಂದೇ ಆಗಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

1923ರ ಫೆಬ್ರವರಿ 19ರಂದು ತೀರ್ಪು ಹೊರಬಿತ್ತು. ಶಾಸ್ತ್ರಜ್ಞರ ಮಾತು ಇಲ್ಲಿ ಮುಖ್ಯವಲ್ಲ, ಜನಸಾಮಾನ್ಯರು ಯಾರನ್ನು ಬಿಳಿಯರೆಂದು ತಿಳಿಯುತ್ತಾರೋ ಅವರೇ ಬಿಳಿಯರು, ಆ ಲೆಕ್ಕದಲ್ಲಿ ಭಾರತೀಯರು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಸಾರಿತು. ಮೂರು ತಿಂಗಳ ಹಿಂದೆ ಜಪಾನಿಯರನ್ನು ಹೊರಗಿಡಲು ನೆರವಾಗಿದ್ದ ಕಕೇಶಿಯನ್ ಎಂಬ ಪದ ಭಾರತೀಯರನ್ನು ಒಳಗೆ ಸೇರಿಸಲು ಸಾಲದಾಯಿತು. ಎರಡೂ ತೀರ್ಪುಗಳನ್ನು ಬರೆದವರು ಒಬ್ಬರೇ, ನ್ಯಾಯಮೂರ್ತಿ ಜಾರ್ಜ್ ಸದರ್ಲ್ಯಾಂಡ್. ಅವರು ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರಾಗಿದ್ದರು ಎಂಬುದು ಗಮನಾರ್ಹ.

ಒಬ್ಬರ ಸೋಲು, ಹಲವರ ಸಂಕಟ

ಈ ತೀರ್ಪಿನ ಪೆಟ್ಟು ಥಿಂಡ್ ಒಬ್ಬರಿಗೇ ನಿಲ್ಲಲಿಲ್ಲ. ಅದಾಗಲೇ ಪ್ರಜೆಗಳಾಗಿದ್ದ ಭಾರತೀಯರ ಪೌರತ್ವವನ್ನು ಕಿತ್ತುಕೊಳ್ಳಲು ಸರ್ಕಾರ ಒಂದರ ಮೇಲೊಂದು ದಾವೆ ಹೂಡಿತು. ಮಜುಮ್ದಾರ್ ಅವರ ಪೌರತ್ವವೂ ಹೋಯಿತು. ಪೌರತ್ವಕ್ಕೆ ಅನರ್ಹರಾದವರು ಜಮೀನು ಹೊಂದುವಂತಿಲ್ಲ ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿದ್ದುದರಿಂದ ಬೆವರು ಸುರಿಸಿ ಹೊಲ ಮಾಡಿದ್ದ ಪಂಜಾಬಿ ರೈತರು ಅತಂತ್ರರಾದರು. ಅಂಥವರನ್ನು ಮದುವೆಯಾದ ಅಮೆರಿಕದ ಹೆಣ್ಣುಮಕ್ಕಳು ಕೂಡ 1922ರ ಕಾನೂನಿನಂತೆ ತಮ್ಮ ಪೌರತ್ವ ಕಳೆದುಕೊಳ್ಳುತ್ತಿದ್ದರು.

ಸ್ಯಾನ್‌ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಾಗಾಯಿ ಅವರ ಕಥೆ ಇವೆಲ್ಲಕ್ಕಿಂತ ದಾರುಣ. 1915ರಲ್ಲಿ ಪತ್ನಿ ಕಲಾ ಹಾಗೂ ಮೂವರು ಗಂಡುಮಕ್ಕಳೊಂದಿಗೆ ಬಂದು 1921ರಲ್ಲಿ ಪ್ರಜೆಯಾದ ಅವರು ಬ್ರಿಟಿಷ್ ಪ್ರಜೆತನವನ್ನು ಬಿಟ್ಟುಕೊಟ್ಟಿದ್ದರು. ತೀರ್ಪಿನ ಬಳಿಕ ಯಾವ ದೇಶಕ್ಕೂ ಸೇರದವರಾದರು. ತವರಿಗೆ ಹೋಗಿಬರಲು ತಾವು ವಿರೋಧಿಸುತ್ತಿದ್ದ ಬ್ರಿಟಿಷರ ಪಾಸ್‌ಪೋರ್ಟನ್ನೇ ಪಡೆಯಬೇಕಿತ್ತು. 1928ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ತನ್ನ ಈ ಸ್ಥಿತಿಗೆ ಕಾರಣವೇನೆಂದು ಪತ್ರಿಕೆಗೆ ಬರೆದಿಟ್ಟೇ ಹೋದರು.

ಥಿಂಡ್ ಪರ ವಾದಿಸಿದ್ದ ವಕೀಲ ಸಖಾರಾಮ್ ಗಣೇಶ್ ಪಂಡಿತ್ ಅವರ ಪೌರತ್ವಕ್ಕೂ ಸರ್ಕಾರ ಕೈ ಹಾಕಿತು. ನ್ಯಾಯಾಲಯ ಒಮ್ಮೆ ವಿಚಾರಣೆ ನಡೆಸಿ ಕೊಟ್ಟದ್ದನ್ನು ವರ್ಷಗಳ ನಂತರ ಮತ್ತೆ ಕೆದಕುವಂತಿಲ್ಲ ಎಂದು ವಾದಿಸಿ ಅವರು 1926ರಲ್ಲಿ ಗೆದ್ದರು. 1927ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಮನವಿಯನ್ನು ಕೈಗೆತ್ತಿಕೊಳ್ಳಲಿಲ್ಲ. ಆ ಬಳಿಕವೇ ಉಳಿದವರ ಮೇಲಿನ ದಾವೆಗಳು ನಿಂತವು.

ಮೂರನೆಯ ಬಾರಿ

ಥಿಂಡ್ ಅಮೆರಿಕ ಬಿಟ್ಟು ಕದಲಲಿಲ್ಲ. ಊರೂರು ಸುತ್ತಿ ಅಧ್ಯಾತ್ಮದ ಉಪನ್ಯಾಸ ನೀಡುವುದನ್ನೇ ವೃತ್ತಿಯಾಗಿಸಿಕೊಂಡರು. ಗುರು ನಾನಕ್, ಕಬೀರರ ಜತೆಗೆ ಎಮರ್ಸನ್, ವಿಟ್ಮನ್ ಮೊದಲಾದವರನ್ನೂ ಸೇರಿಸಿ ಹೇಳುತ್ತಿದ್ದ ಅವರ ಮಾತಿಗೆ ದೊಡ್ಡ ಶ್ರೋತೃವರ್ಗ ಹುಟ್ಟಿಕೊಂಡಿತು. ‘ರೇಡಿಯಂಟ್ ರೋಡ್ ಟು ರಿಯಾಲಿಟಿ’ ಮೊದಲಾದ ಪುಸ್ತಕಗಳನ್ನೂ ಬರೆದರು.

1935ರಲ್ಲಿ ಅಮೆರಿಕದ ಸಂಸತ್ತು ಮೊದಲ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿದ ಏಷ್ಯಾ ಮೂಲದ ಮಾಜಿ ಸೈನಿಕರಿಗೆ ಪೌರತ್ವ ನೀಡುವ ಕಾನೂನು ಮಾಡಿತು. ಅದರಂತೆ 1936ರಲ್ಲಿ ನ್ಯೂಯಾರ್ಕಿನಲ್ಲಿ ಥಿಂಡ್ ಮೂರನೆಯ ಬಾರಿ ಅಮೆರಿಕದ ಪ್ರಜೆಯಾದರು. ಮೊದಲ ಪ್ರಮಾಣವಚನದಿಂದ ಇಲ್ಲಿಗೆ 18 ವರ್ಷ ಸಂದಿತ್ತು. ಈ ಪೌರತ್ವ ಕೊನೆಯವರೆಗೂ ಉಳಿಯಿತು. 1940ರಲ್ಲಿ ಅವರು ವಿವಿಯನ್ ಡೇವಿಸ್ ಅವರನ್ನು ವರಿಸಿದರು.

ಆದರೆ ಸೈನಿಕರಲ್ಲದ ಭಾರತೀಯರು ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಜೆ.ಜೆ. ಸಿಂಗ್ ಮೊದಲಾದವರ ಸತತ ಪ್ರಯತ್ನದ ಫಲವಾಗಿ 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಹೊಸ ಕಾನೂನಿಗೆ ಸಹಿ ಹಾಕಿದರು. ಭಾರತೀಯರಿಗೆ ಪೌರತ್ವದ ಹಕ್ಕು ದೊರೆಯಿತು. ಹೊಸದಾಗಿ ಬರುವವರಿಗೆ ವರ್ಷಕ್ಕೆ ಕೇವಲ 100 ಜನರ ಮಿತಿ ಇತ್ತು. ಇದೇ ಕಾನೂನಿನ ಬಲದಿಂದ 1949ರಲ್ಲಿ ಪ್ರಜೆಯಾದ ಪಂಜಾಬಿನ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. 1952ರಲ್ಲಿ ಪೌರತ್ವಕ್ಕಿದ್ದ ಬಣ್ಣದ ಷರತ್ತು ಪೂರ್ಣವಾಗಿ ಅಳಿಯಿತು. 1923ರ ತೀರ್ಪನ್ನು ನಿರರ್ಥಕಗೊಳಿಸಿದ್ದು ನ್ಯಾಯಾಲಯವಲ್ಲ, ಹೀಗೆ ಹಂತಹಂತವಾಗಿ ಬಂದ ಕಾನೂನುಗಳು.

ದೇಶವಾರು ಹಳೆಯ ಕೋಟಾ ಪದ್ಧತಿಯನ್ನು ಕೊನೆಗಾಣಿಸಿ, ವಿದ್ಯಾವಂತ ಕೆಲಸಗಾರರಿಗೂ ಕುಟುಂಬದವರಿಗೂ ಆದ್ಯತೆ ನೀಡಿದ ಕಾನೂನಿಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು. ಅಂದು ಥಿಂಡ್ ಅವರಿಗೆ 73 ತುಂಬಿತ್ತು. ಎರಡು ವರ್ಷಗಳ ನಂತರ, 1967ರ ಸೆಪ್ಟೆಂಬರ್ 15ರಂದು ಅವರು ನಿಧನರಾದರು.

ಮುಂಬಯಿ, ಬೆಂಗಳೂರು, ಮಂಗಳೂರುಗಳಿಂದ ಹೊರಟ ನಮ್ಮ ವೈದ್ಯರು, ಎಂಜಿನಿಯರುಗಳು ಅಮೆರಿಕದಲ್ಲಿ ನೆಲೆಯೂರಲು ದಾರಿಯಾದದ್ದು ಈ 1965ರ ಕಾನೂನು. 1990ರ ಕಾನೂನಿನಿಂದ ಎಚ್-1ಬಿ ವೀಸಾ ಬಂತು. ಇಂದು ಪೌರತ್ವಕ್ಕೆ ಬಣ್ಣದ ಷರತ್ತಿಲ್ಲ. ಆದರೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳಲ್ಲಿ ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸರತಿ ವರ್ಷಗಟ್ಟಲೆ ಉದ್ದವಾಗಿದೆ. ತೆರಿಗೆ ಕಟ್ಟಿ, ಮನೆ ಮಾಡಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳುಹಿಸುತ್ತಲೇ ಕಾಗದಕ್ಕಾಗಿ ಕಾಯುವ ಕುಟುಂಬಗಳು ಹಲವು. ಅವರು ನಡೆಯುತ್ತಿರುವ ದಾರಿಯಲ್ಲಿ ನೂರು ವರ್ಷಗಳಿಗೂ ಹಿಂದೆ ಪೇಟ ಧರಿಸಿದ ಸೈನಿಕನೊಬ್ಬ ಎರಡು ಬಾರಿ ತಡೆಯಲ್ಪಟ್ಟು, ಮೂರನೆಯ ಬಾರಿ ದಾಟಿ ಹೋಗಿದ್ದ.